ಸೀಸದ ಮಿತಿಯಿಂದ ವಿನಾಯಿತಿ: ಮಕ್ಕಳ ಮೋಟಾರು ಬಂಡಿ ಮತ್ತು ಚನ್ನಪಟ್ಟಣದ ಬೊಂಬೆ

12 ವರ್ಷದವರೆಗಿನ ಮಕ್ಕಳಿಗೆಂದೇ ತಯಾರಾದ ವಸ್ತುಗಳಲ್ಲಿ ಸೀಸ ಎಷ್ಟಿರಬಹುದೆಂದು ಅಮೆರಿಕ 2008ರ ಕಾಯಿದೆಯಲ್ಲಿ ಕಟ್ಟುನಿಟ್ಟಾಗಿ ನಿಗದಿಪಡಿಸಿತು. ಮೊದಲು ಹತ್ತು ಲಕ್ಷಕ್ಕೆ 600 ಭಾಗ, ಆಮೇಲೆ 300, 2011ರ ಆಗಸ್ಟ್‌ನಿಂದ 100. ಬೊಂಬೆಗಳನ್ನು ಮನಸ್ಸಿನಲ್ಲಿಟ್ಟುಕೊಂಡು ಬರೆದ ಈ ಕಾಯಿದೆಗೆ ಹೊಲ, ಗುಡ್ಡ, ಕಾಡುದಾರಿಗಳಲ್ಲಿ ಓಡಿಸುವ ಮಕ್ಕಳ ಮೋಟಾರು ಬಂಡಿಗಳೂ ಸಿಕ್ಕಿಬಿದ್ದವು. ಅವುಗಳ ಬ್ಯಾಟರಿಯ ತುದಿ, ಟೈರಿನ ವಾಲ್ವ್, ಹಿತ್ತಾಳೆ ಬಿಡಿಭಾಗಗಳಲ್ಲಿ ಮಿತಿಗಿಂತ ಹೆಚ್ಚು ಸೀಸವಿತ್ತು. ಸೀಸ ಒಂದಿಷ್ಟೂ ದೇಹ ಸೇರದೆಂದು ಸಾಬೀತಾದರೆ ಮಾತ್ರ ವಿನಾಯಿತಿ ಎಂದು ಕಾಯಿದೆ ಹೇಳುತ್ತಿದ್ದುದರಿಂದ ಅಲ್ಲಿನ ಗ್ರಾಹಕ ಸುರಕ್ಷತಾ ಆಯೋಗ 2009ರಲ್ಲಿ ವಿನಾಯಿತಿ ನಿರಾಕರಿಸಿತು. ಆದರೆ ಕ್ರಮ ಜರುಗಿಸುವುದನ್ನು ಮುಂದೂಡಿತು. ಚಿಕ್ಕ ಬಂಡಿ ಸಿಗದಿದ್ದರೆ ಮಕ್ಕಳು ದೊಡ್ಡವರ ಬಂಡಿ ಹತ್ತಿ ಪ್ರಾಣಕ್ಕೆ ಕುತ್ತು ತಂದುಕೊಳ್ಳುತ್ತಾರೆ ಎಂಬ ವಾದ ಕೊನೆಗೆ ಗೆದ್ದಿತು. 2011ರ ಆಗಸ್ಟ್ 12ರ ತಿದ್ದುಪಡಿ ಈ ಬಂಡಿಗಳನ್ನು ಮಿತಿಯಿಂದ ಹೊರಗಿಟ್ಟಿತು. ಬ್ಯಾಟರಿಯ ತುದಿಯನ್ನು ಮಗು ಚೀಪುವುದಿಲ್ಲವಾದ್ದರಿಂದ ಈ ತೀರ್ಮಾನ ತಕ್ಕುದೇ.

ನಮ್ಮಲ್ಲೂ ವಿನಾಯಿತಿಯಿದೆ, ಆದರೆ ಅದರ ತರ್ಕ ಬೇರೆ. ಕೇಂದ್ರದ ಆಟಿಕೆ ಗುಣಮಟ್ಟ ನಿಯಂತ್ರಣ ಆದೇಶ 2021ರ ಜನವರಿ 1ರಿಂದ ಐಎಸ್‌ಐ ಗುರುತನ್ನು ಕಡ್ಡಾಯ ಮಾಡಿತು. ಅದಕ್ಕೆ ತುಸು ಮೊದಲು, 2020ರ ಡಿಸೆಂಬರ್‌ನಲ್ಲಿ, ನೋಂದಾಯಿತ ಕರಕುಶಲಕರ್ಮಿಗಳ ಆಟಿಕೆಗಳನ್ನೂ ಭೌಗೋಳಿಕ ಸೂಚಕ ಪಡೆದ ಆಟಿಕೆಗಳನ್ನೂ ಆದೇಶದಿಂದ ಕೈಬಿಡಲಾಯಿತು. ಚನ್ನಪಟ್ಟಣದ ಬೊಂಬೆಗೆ ಆ ಸೂಚಕವಿದೆ. ಲೇತ್ ಒಂದನ್ನಿಟ್ಟುಕೊಂಡು ಬದುಕುವ ಕುಟುಂಬದ ಮೇಲೆ ಪರವಾನಗಿ, ಪ್ರಯೋಗಾಲಯಗಳ ಹೊರೆ ಹೇರದಿದ್ದುದು ಸರಿಯೇ. ಆದರೆ ಇಲ್ಲಿ ಮಾಡಿದವರು ಯಾರು ಎಂಬುದಷ್ಟೇ ಅಳತೆಗೋಲಾಗಿದೆ; ಮಗುವಿನ ಬಾಯಿಗೆ ಏನು ಹೋಗುತ್ತದೆ ಎಂಬ ಪ್ರಶ್ನೆಯೇ ಏಳುವುದಿಲ್ಲ.

ಚನ್ನಪಟ್ಟಣದ ಕುಶಲಕರ್ಮಿ ಹಾಲೆ ಮರದ ತುಂಡನ್ನು ಲೇತ್‌ನಲ್ಲಿ ಕಡೆದು, ತಿರುಗುತ್ತಿರುವಾಗಲೇ ಬಣ್ಣ ಬೆರೆಸಿದ ಅರಗಿನ ಕಡ್ಡಿಯನ್ನು ಒತ್ತುತ್ತಾನೆ. ಉಜ್ಜಿದ ಬಿಸಿಗೆ ಅರಗು ಕರಗಿ ಮೈಗೆ ಹಿಡಿಯುತ್ತದೆ. ತಾಳೆ ಗರಿ ಹೊಳಪು ಕೊಡುತ್ತದೆ. ಕಡೆಯುವ ಕಲೆ ಕನ್ನಡ ನಾಡಿಗೆ ಹೊಸದಲ್ಲ. ಹಳೇಬೀಡಿನ ಪಕ್ಕದ ಬಸ್ತಿಹಳ್ಳಿಯಲ್ಲಿ 1133ರ ಪಾರ್ಶ್ವನಾಥ ಬಸದಿಯ, ಹೀಗೆಯೇ ಕಡೆದು ನುಣುಪಾಗಿಸಿದ ಕಲ್ಲಿನ ಕಂಬಗಳಲ್ಲಿ ಇಂದಿಗೂ ಮುಖ ಕಾಣುತ್ತದೆ. ಆದರೆ ಕೈಚಳಕ ಎಷ್ಟು ಹಳೆಯದಾದರೂ ಅದು ಬಣ್ಣದ ಶುದ್ಧಿಗೆ ಸಾಕ್ಷಿಯಾಗದು. ಅರಗಿಗೆ ಅರಿಸಿನ ಬೆರೆಸಿದರೂ ಹಳದಿ, ಸೀಸದ ಕ್ರೋಮೇಟ್ ಬೆರೆಸಿದರೂ ಹಳದಿ. ಕಣ್ಣಿಗೆ ವ್ಯತ್ಯಾಸ ತಿಳಿಯದು.

ಸೀಸದ ಭಯ ನಮ್ಮಲ್ಲಿ ಬರಿಯ ಊಹೆಯಲ್ಲ. ಬೆಂಗಳೂರಿನ ಜಾರ್ಜ್ ಫೌಂಡೇಶನ್ 1999ರಲ್ಲಿ ಪ್ರಕಟಿಸಿದ ಸಮೀಕ್ಷೆಯಲ್ಲಿ, ಪರೀಕ್ಷೆಗೊಳಗಾದ ನಗರವಾಸಿ ಮಕ್ಕಳಲ್ಲಿ ಅರ್ಧಕ್ಕಿಂತ ಹೆಚ್ಚಿನವರ ರಕ್ತದಲ್ಲಿ ಡೆಸಿಲೀಟರಿಗೆ 10 ಮೈಕ್ರೋಗ್ರಾಂ ಮೀರಿದ ಸೀಸವಿತ್ತು. ಸೀಸದ ಪೆಟ್ರೋಲ್ 2000ದಲ್ಲಿ ಹೋಯಿತು. ಮನೆಗೆ ಬಳಿಯುವ ಬಣ್ಣಕ್ಕೆ 2016ರ ನಿಯಮ ಹತ್ತು ಲಕ್ಷಕ್ಕೆ 90 ಭಾಗ ಸೀಸದ ಮಿತಿ ಹಾಕಿತು. ಹೀಗೆ ಗೋಡೆಯ ಬಣ್ಣಕ್ಕೆ ಮಿತಿಯಿದ್ದು, ಮಗು ಚೀಪುವ ಗಿಲಕಿಯ ಬಣ್ಣವನ್ನು ಕೇಳುವವರಿಲ್ಲದಿರುವುದು ವಿಚಿತ್ರ.

ಪರಿಹಾರ ಕಷ್ಟವೇನಲ್ಲ. ಪ್ರತಿ ಬೊಂಬೆಯನ್ನೂ ಪರೀಕ್ಷಿಸಬೇಕಿಲ್ಲ. ಅರಗಿಗೆ ಬೆರೆಸುವ ಬಣ್ಣದ ಪುಡಿಯನ್ನು ಸರಬರಾಜಿನ ಹಂತದಲ್ಲೇ, ಸರ್ಕಾರದ ಖರ್ಚಿನಲ್ಲಿ ಪರೀಕ್ಷಿಸಿದರೆ ಸಾಕು. ಕುಶಲಕರ್ಮಿಗೆ ಪರವಾನಗಿಯಿಂದ ವಿನಾಯಿತಿ ಉಳಿಯಲಿ, ಬಣ್ಣಕ್ಕೆ ಸೀಸದ ಮಿತಿಯಿಂದ ವಿನಾಯಿತಿ ಬೇಡ.