ರೆಬೆಕಾಳನ್ನು ಕೊಂದವನಿಗೆ ಕ್ಷಮೆ ಕೊಟ್ಟವರು ಯಾರು?

ಡಾಫ್ನಿ ಡು ಮೊರಿಯೇ ಬರೆದ ‘ರೆಬೆಕಾ’ದಲ್ಲಿ ಮ್ಯಾಕ್ಸಿಮ್ ಎಂಬ ಜಮೀನ್ದಾರ ತನ್ನ ಹೆಂಡತಿಯನ್ನು ಗುಂಡಿಕ್ಕಿ ಕೊಂದು, ಹೆಣವನ್ನು ದೋಣಿಯ ಸಮೇತ ಸಮುದ್ರದಲ್ಲಿ ಮುಳುಗಿಸುತ್ತಾನೆ. ಎರಡನೆಯ ಹೆಂಡತಿಗೆ ಇದು ತಿಳಿದಾಗ ಎದೆಯ ಭಾರ ಇಳಿದಂತಾಗುತ್ತದೆ. ಸದ್ಯ, ಗಂಡ ಆ ರೆಬೆಕಾಳನ್ನು ಪ್ರೀತಿಸಿಯೇ ಇರಲಿಲ್ಲ! ಇಂಥ ಪುಸ್ತಕ ಪ್ರೇಮಕಥೆಯೆಂದು ಹೆಸರಾದದ್ದು ಹೇಗೆ? ಈ ಪ್ರಶ್ನೆ ಹಿಡಿದು ನಾನು ಹಳೆಯ ವಿಮರ್ಶೆ, ದಾಖಲೆಗಳ ಬೆನ್ನು ಹತ್ತಿದೆ.

ಓದುಗರನ್ನು ದೂರುವ ಹಾಗಿಲ್ಲ. 1938ರಲ್ಲಿ ಪ್ರಕಾಶಕ ವಿಕ್ಟರ್ ಗೊಲಾನ್ಸ್ ಅದನ್ನು ಸೊಗಸಾದ ಪ್ರೇಮಕಥೆಯೆಂದೇ ಮಾರುಕಟ್ಟೆಗೆ ಬಿಟ್ಟಿದ್ದ. ಲೇಖಕಿಯ ಪ್ರಕಾರ ಅದು ಹೊಟ್ಟೆಕಿಚ್ಚಿನ ಕಥೆ. ಕೊನೆ ತೀರ ಕಠೋರವಾಯಿತೇನೋ ಎಂಬ ಅಳುಕೂ ಆಕೆಗಿತ್ತು. ವಿಮರ್ಶಕ ವಿ. ಎಸ್. ಪ್ರಿಚೆಟ್ ಇದು ನಾಲ್ಕು ದಿನದ ಪುಸ್ತಕವೆಂದು ತಳ್ಳಿಹಾಕಿದರು. ಪುಸ್ತಕ ಇವತ್ತಿಗೂ ಅಚ್ಚಾಗುತ್ತಿದೆ.

ನನ್ನನ್ನು ಹಿಡಿದು ನಿಲ್ಲಿಸಿದ್ದು ಈ ಕಾದಂಬರಿಗಾಗಿ ಲೇಖಕಿ ಬರೆದಿಟ್ಟ ಒಂದು ಟಿಪ್ಪಣಿ ಪುಸ್ತಕ. ಸೈನಿಕ ಗಂಡನ ಜೊತೆ ಈಜಿಪ್ಟಿನ ಅಲೆಕ್ಸಾಂಡ್ರಿಯಾದಲ್ಲಿದ್ದಾಗ ಡು ಮೊರಿಯೇ ಕಾದಂಬರಿ ಆರಂಭಿಸಿದ್ದರು. ಕೃತಿಚೌರ್ಯದ ಆರೋಪ ಬರದಿದ್ದರೆ ಆ ಟಿಪ್ಪಣಿಗಳು ಮನೆಯಲ್ಲೇ ಉಳಿಯುತ್ತಿದ್ದವೋ ಏನೋ. ‘ಬ್ಲೈಂಡ್ ವಿಂಡೋಸ್’ ಎಂಬ ಅಮೆರಿಕನ್ ಕಾದಂಬರಿಯಿಂದ ಕದ್ದದ್ದು ಎಂಬ ದಾವೆಗೆ ಉತ್ತರವಾಗಿ 1947ರಲ್ಲಿ ಆ ಟಿಪ್ಪಣಿ ಪುಸ್ತಕ ನ್ಯೂಯಾರ್ಕಿನ ಕಟಕಟೆಗೆ ಹೋಯಿತು. ಮರುವರ್ಷ ದಾವೆ ಬಿದ್ದುಹೋಯಿತು. 1981ರಲ್ಲಿ ಅಚ್ಚಾದ ಆ ಟಿಪ್ಪಣಿಗಳಲ್ಲಿ ಮ್ಯಾಕ್ಸಿಮ್‌ನ ಹೆಸರು ಹೆನ್ರಿ. ಮೊದಲು ಬರೆದ ಉಪಸಂಹಾರದಲ್ಲಿ ಅವನು ಅಂಗವಿಕಲನಾಗಿ, ಪರದೇಶದ ಹೋಟೆಲಿನಲ್ಲಿ ಹೆಂಡತಿಯೊಡನೆ ಬೇಸರದ ದಿನ ದೂಡುತ್ತಿರುತ್ತಾನೆ. ಲೇಖಕಿಯ ಮೊದಲ ಯೋಚನೆಯಲ್ಲಿ ಅವನಿಗೆ ಪೂರಾ ಬಿಡುಗಡೆ ಇರಲಿಲ್ಲ.

ಪುಸ್ತಕ ಚಿತ್ರವಾಗುವಾಗ ಕೊಲೆಯನ್ನು ಕೊಲೆಯೆಂದೇ ಓದಿದವರು ಹಾಲಿವುಡ್ಡಿನ ಸೆನ್ಸಾರಿನವರು. ಹೆಂಡತಿಯನ್ನು ಕೊಂದವನು ಶಿಕ್ಷೆಯಿಲ್ಲದೆ ಪಾರಾಗುವಂತಿಲ್ಲ ಎಂಬುದು ಅವರ ನಿಯಮ. ಪುಸ್ತಕಕ್ಕೆ ನಿಷ್ಠವಾಗಿರಬೇಕೆಂದು ನಿರ್ದೇಶಕ ಹಿಚ್‌ಕಾಕ್‌ರನ್ನು ಗದರಿದ್ದ ನಿರ್ಮಾಪಕ ಸೆಲ್ಜ್‌ನಿಕ್ ಕೂಡ ಇಲ್ಲಿ ಸೋತರು. 1940ರ ಚಿತ್ರದಲ್ಲಿ ರೆಬೆಕಾ ತಾನೇ ಎಡವಿ ಬಿದ್ದು, ತಲೆಗೆ ಪೆಟ್ಟಾಗಿ ಸಾಯುತ್ತಾಳೆ. ಪುಸ್ತಕ ಓದದೆ ಚಿತ್ರ ನೋಡಿದವರಿಗೆ ಮ್ಯಾಕ್ಸಿಮ್ ಕೊಲೆಗಾರನೇ ಅಲ್ಲ. ಪ್ರೇಮಕಥೆಯೆಂಬ ಹೆಸರು ಗಟ್ಟಿಯಾಗಲು, ನನ್ನ ಅಂದಾಜಿನಲ್ಲಿ, ಗೊಲಾನ್ಸ್‌ಗಿಂತ ಈ ನೀತಿವಂತರ ಕೊಡುಗೆಯೇ ದೊಡ್ಡದು.

ಮುಂದೆ ಸ್ತ್ರೀವಾದಿ ಓದುಗರು ಬಂದರು. ಆಲಿಸನ್ ಲೈಟ್ ಅವರ 1984ರ ಲೇಖನದ ಸುತ್ತಮುತ್ತ ಒಲವು ಸತ್ತವಳ ಕಡೆಗೆ ವಾಲಿತು: ರೆಬೆಕಾ ಕೆಟ್ಟವಳೆಂದು ನಮಗೆ ಹೇಳಿದ್ದು ಅವಳನ್ನು ಕೊಂದವನೇ ತಾನೆ? ಇನ್ನಿಬ್ಬರು ತಮ್ಮ ಓದನ್ನೇ ಕಾದಂಬರಿಯಾಗಿ ಬರೆದರು. ಸೂಸನ್ ಹಿಲ್ 1993ರಲ್ಲಿ ಎರಡನೆಯ ಹೆಂಡತಿಯ ಕಥೆ ಮುಂದುವರಿಸಿದರೆ, ಸ್ಯಾಲಿ ಬೋಮನ್ 2001ರಲ್ಲಿ ರೆಬೆಕಾಳಿಗೇ ಬಾಯಿ ಕೊಟ್ಟರು. ಇಬ್ಬರದೂ ಬೇರೆ ಬೇರೆ ಪಕ್ಷ. ಆದರೂ ಎರಡು ಪುಸ್ತಕಗಳಲ್ಲೂ ಮ್ಯಾಕ್ಸಿಮ್ ಸಾಯುವುದು ಕಾರು ಅಪಘಾತದಲ್ಲಿ.