ಅವ್ವನ ಗುಳಿಗಿ

ನಮ್ಮವ್ವಗ ಸಂಧಿವಾತ. ಬೆರಳ ಗೆಣ್ಣು ಬಾತು ರೊಟ್ಟಿ ಬಡಿಯಾಕ ಆಗತಿದ್ದಿಲ್ಲ. ಅಂಗಡಿಯಿಂದ ನೋವಿನ ಗುಳಿಗಿ ತರಿಸಿ ದಿನಾ ನುಂಗತಿದ್ಲು. ಒಂದಿನ ಹೊರಕಡಿ ಕರ್ರಗಾಗಿ, ತಲಿ ತಿರುಗಿ ಬಿದ್ಲು. ಹೊಟ್ಟ್ಯಾಗ ಹುಣ್ಣಾಗಿ ರಕ್ತ ಸೋರಿತ್ತು.

ಈ ಗುಳಿಗಿ ಕಥಿ ಹಳೇದು. ಸ್ಕಾಟ್ಲೆಂಡಿನ ಡಾಕ್ಟರ್ ಮ್ಯಾಕ್ಲಗನ್, ಥಂಡಿ ಜಾಗದಾಗ ಬರೋ ವಾತಕ್ಕ ಥಂಡ್ಯಾಗ ಬೆಳಿಯೋ ಗಿಡದಾಗ ಔಷಧ ಇರಬೇಕು ಅಂದ್ಕೊಂಡ್ರು. ವಿಲೋ ಗಿಡದ ತೊಗಟಿಯ ಸ್ಯಾಲಿಸಿನ್ ಕೊಟ್ಟು ನೋಡಿದ್ರು. ಜ್ವರ, ಕೀಲುನೋವು ಇಳೀತು. 1876ರಾಗ ಅದನ್ನ ಬರದು ಪ್ರಕಟಿಸಿದ್ರು. 1899ರಾಗ ಆಸ್ಪಿರಿನ್ ಮಾರಾಟಕ್ಕ ಬಂತು.

1971ರಾಗ ಜಾನ್ ವೇನ್ ಅದರ ಗುಟ್ಟು ಹಿಡದ್ರು. ಗುಳಿಗಿ ನಮ್ಮ ಮೈಯಾಗ ಪ್ರೊಸ್ಟಗ್ಲಾಂಡಿನ್ ಆಗೋದನ್ನ ತಡೀತದ. ಬಾವು ತರೋದೂ ಅದ, ಹೊಟ್ಟಿ ಒಳಪದರ ಕಾಯೋದೂ ಅದ!

ಅದಕ್ಕ ಅಕ್ಕಾರ, ಡಾಕ್ಟರನ್ನ ಕೇಳದ ದಿನಾ ನುಂಗಬ್ಯಾಡ್ರಿ. ಅವ್ವ ಉಳದ್ಲು. ರೊಟ್ಟಿ ಈಗ ನಾ ಬಡಿತೀನಿ.