ಗಿರಿಸೈಕಲ್ಲಿನ ಬ್ರೇಕು: ಪಾದದಿಂದ ಬೆರಳಿಗೆ

ಯಂತ್ರಗಳ ಚರಿತ್ರೆಯಲ್ಲಿ ವೇಗದ ಸಾಧನಗಳಿಗೆ ದೊರೆತ ಮನ್ನಣೆ ತಡೆಯ ಸಾಧನಗಳಿಗೆ ದೊರೆತಿಲ್ಲ. ಆದರೆ ಬೆಟ್ಟದ ಹಾದಿಗೆಂದು ರೂಪುಗೊಂಡ ಸೈಕಲ್ಲಿನ ಉಗಮವನ್ನು ಪರಿಶೀಲಿಸಿದರೆ, ಬ್ರೇಕಿನ ವೈಫಲ್ಯವೂ ಅದರ ರೂಪವನ್ನು ತಿದ್ದಿತೆಂಬುದು ವಿದಿತವಾಗುತ್ತದೆ.

೧೯೭೬ರ ಅಕ್ಟೋಬರ್ ೨೧ರಂದು ಕ್ಯಾಲಿಫೋರ್ನಿಯದ ಫೇರ್‌ಫ್ಯಾಕ್ಸ್ ಊರಿನ ಬಳಿ ಪ್ರಸಿದ್ಧ ಇಳಿಪಂದ್ಯಗಳಲ್ಲಿ ಮೊದಲನೆಯದು ನಡೆಯಿತು. ಅಲ್ಲಿನ ಮಣ್ಣುದಾರಿ ಸುಮಾರು ೨ ಮೈಲಿಗಳಲ್ಲಿ ೧೩೦೦ ಅಡಿ ಇಳಿಯುತ್ತದೆ. ಸವಾರರ ಹಳೆಯ ಷ್ವಿನ್ ಸೈಕಲ್ಲುಗಳಲ್ಲಿ ಪೆಡಲನ್ನು ಹಿಂದಕ್ಕೆ ಮೆಟ್ಟಿದರೆ ಹಿಂಚಕ್ರದ ನಾಭಿಯೊಳಗಿನ ಬ್ರೇಕು ಹಿಡಿಯುತ್ತಿತ್ತು. ಘರ್ಷಣೆಯ ಶಾಖಕ್ಕೆ ಅಲ್ಲಿಯ ಗ್ರೀಸು ಹೊಗೆಯಾಗುತ್ತಿತ್ತು. ಇಳಿದ ಮೇಲೆ ನಾಭಿಯನ್ನು ಬಿಚ್ಚಿ ಪುನಃ ಗ್ರೀಸು ತುಂಬಬೇಕಾಗಿದ್ದುದರಿಂದಲೇ ಆ ದಾರಿಗೆ 'ರೀಪ್ಯಾಕ್' ಎಂಬ ಹೆಸರು ಬಂದಿತು.

ವೇಗ ಕುಗ್ಗುವಾಗ ಭಾರವು ಮುಂಚಕ್ರದ ಮೇಲೆ ಬೀಳುವುದರಿಂದ, ಹಿಂಚಕ್ರವನ್ನಷ್ಟೇ ಹಿಡಿಯುವ ಬ್ರೇಕು ಅರೆಶಕ್ತಿಯದು. ಜೋ ಬ್ರೀಜ್ ೧೯೭೭ರಲ್ಲಿ ನಿರ್ಮಿಸಿದ ಸೈಕಲ್ಲಿನಲ್ಲಿ ಎರಡು ಚಕ್ರಗಳಿಗೂ ಕೈಬ್ರೇಕುಗಳಿದ್ದುವು. ಮುಂದೆ ದ್ರವದ ಒತ್ತಡದಿಂದ ನಡೆಯುವ ಡಿಸ್ಕ್ ಬ್ರೇಕು ಬಂದ ಬಳಿಕ ಒಂದು ಬೆರಳಿನ ಬಲವೇ ಸಾಕಾಯಿತು. ಉಳಿದ ಬೆರಳುಗಳು ಹ್ಯಾಂಡಲನ್ನು ಭದ್ರವಾಗಿ ಹಿಡಿದಿರಲು ಬಿಡುವಾದುವು. ಲೀವರಿನ ತುದಿ ತೋರುಬೆರಳಿಗೆ ಎಟಕುವಂತೆ ಅದನ್ನು ಒಳಸರಿಸಿ ಕಟ್ಟುವ ಇಂದಿನ ರೂಢಿಗೆ ಇದೇ ಕಾರಣ. ಸವಾರನು ಚಕ್ರವನ್ನು ಜಾರಿಸದೆ ಹದವರಿತು ತಡೆಯುವ ವಿದ್ಯೆಯೂ ಈ ಬದಲಾವಣೆಯಿಂದಲೇ ಬೆಳೆಯಿತೆಂದು ನಾವು ಭಾವಿಸುತ್ತೇವೆ.